ರೆಗೇ ಸಂಗೀತದಲ್ಲಿ ಹೆಣ್ಣಿನ ದನಿ

ಕೆರಿಬಿಯನ್ ಕಡಲಿನ ಜಮೈಕ ದ್ವೀಪವು 1962ರ ಆಗಸ್ಟ್ 6ರಂದು ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆ ಹೊಂದಿತು. ಭೂಪಟದಲ್ಲಿ ಬೆರಳ ತುದಿಯಿಂದ ಮುಚ್ಚಬಹುದಾದ ಈ ನಾಡಿನ ಹಾಡು ಮುಂದಿನ ಇಪ್ಪತ್ತು ವರ್ಷಗಳೊಳಗೆ ಲಂಡನ್ನಿನಿಂದ ಟೋಕಿಯೋವರೆಗೆ ಹಬ್ಬಿತು. ರೆಗೇ ಎಂದೊಡನೆ ಬಾಬ್ ಮಾರ್ಲಿಯ ಜಡೆಗಟ್ಟಿದ ತಲೆಗೂದಲೂ ಗಿಟಾರೂ ಕಣ್ಣಮುಂದೆ ನಿಲ್ಲುತ್ತವೆ. ಅದು ಸಹಜವೇ. ಆದರೆ ಈ ಸಂಗೀತವನ್ನು ಕಟ್ಟಿದವರಲ್ಲಿ ಹೆಂಗಸರೂ ಇದ್ದರು. ಅವರ ದನಿ ಊರೂರು ತಿರುಗಿತು; ಹಣದ ಮಾತು ಬಂದಾಗ ಮಾತ್ರ ಅವರ ಹೆಸರು ಹಿಂದೆ ಉಳಿಯಿತು.

ಮೊದಲು ಲಯದ ವಿಚಾರವನ್ನು ಎರಡು ಮಾತಿನಲ್ಲಿ ಹೇಳಿಬಿಡಬಹುದು. ನಾಲ್ಕು ಪೆಟ್ಟಿನ ಆವರ್ತವೆಂದಿಟ್ಟುಕೊಳ್ಳಿ. ರೆಗೇಯ ಹೆಸರಾಂತ ನಡೆಯೊಂದರಲ್ಲಿ ಮೊದಲನೆಯ ಪೆಟ್ಟಿಗೆ ಡ್ರಮ್ಮು ಸುಮ್ಮನಿರುತ್ತದೆ; ಭಾರವೆಲ್ಲ ಮೂರನೆಯದರ ಮೇಲೆ ಬೀಳುತ್ತದೆ. ಎರಡಕ್ಕೂ ನಾಲ್ಕಕ್ಕೂ ಗಿಟಾರು ಚಿಟಿಕೆ ಹಾಕಿದಂತೆ ಚುಟುಕಾಗಿ ಮಿಡಿಯುತ್ತದೆ. ಸಮವನ್ನು ಬಿಟ್ಟು ಎತ್ತುವ ಪಲ್ಲವಿಗಳಿಗೆ ಒಗ್ಗಿದ ನಮ್ಮ ಕಿವಿಗೆ ಇದು ತೀರ ಹೊಸದೆನಿಸಲಾರದು. ಕೆಳಗೆ ಮಂದ್ರದಲ್ಲಿ ಬಾಸ್ ಗಿಟಾರು ನಡೆಯುತ್ತಿರುತ್ತದೆ. ಚಿಕ್ಕ ರೇಡಿಯೋ ಪೆಟ್ಟಿಗೆಯಲ್ಲಿ ಅದೇ ಸೋರಿಹೋಗುವುದು. ಅನುಕೂಲವಿದ್ದವರು ದೊಡ್ಡ ಧ್ವನಿವರ್ಧಕದಲ್ಲಿಯೇ ಕೇಳಬೇಕು.

ಕಿಂಗ್‌ಸ್ಟನ್ ನಗರದ ಬಡಕೇರಿಗಳಲ್ಲಿ ಆಳೆತ್ತರದ ಲೌಡ್‌ಸ್ಪೀಕರುಗಳನ್ನು ಬಯಲಲ್ಲಿ ನಿಲ್ಲಿಸಿ, ಗ್ರಾಮಫೋನ್ ತಟ್ಟೆ ಹಾಕಿ ಜನರನ್ನು ಕುಣಿಸುವ ಪದ್ಧತಿಯಿತ್ತು. ಅದಕ್ಕೆ ‘ಸೌಂಡ್ ಸಿಸ್ಟಮ್’ ಎಂದು ಹೆಸರು. ಅದನ್ನು ನಡೆಸುತ್ತಿದ್ದವರೇ ಕ್ರಮೇಣ ತಟ್ಟೆ ತಯಾರಿಸುವ ಯಜಮಾನರೂ ಆದರು. ಅವರಲ್ಲೊಬ್ಬನಾದ ಡ್ಯೂಕ್ ರೀಡ್ ಹಿಂದೆ ಪೋಲೀಸಿನಲ್ಲಿದ್ದವನು. ಅವನ ಮದ್ಯದಂಗಡಿಯ ಮಹಡಿಯೇ ಧ್ವನಿಮುದ್ರಣದ ಕೊಠಡಿ. ಹಾಡುವವರು ಬರುವರು, ಹಾಡುವರು, ಕೊಟ್ಟಷ್ಟು ಹಣ ತೆಗೆದುಕೊಂಡು ಹೋಗುವರು. ಗಂಡಸರ ಪಾಡೂ ಇದಕ್ಕಿಂತ ಹೆಚ್ಚು ಮೇಲಾಗಿರಲಿಲ್ಲವೆಂಬುದನ್ನು ಮರೆಯಬಾರದು.

ಜಮೈಕದ ದನಿಯನ್ನು ಜಗತ್ತಿಗೆ ಮೊದಲು ಮುಟ್ಟಿಸಿದವಳು ಹದಿಹರೆಯದ ಮಿಲ್ಲಿ ಸ್ಮಾಲ್. 1964ರಲ್ಲಿ ಲಂಡನ್ನಿನಲ್ಲಿ ಅವಳು ಹಾಡಿದ ‘ಮೈ ಬಾಯ್ ಲಾಲಿಪಾಪ್’ ಬ್ರಿಟನ್ನು, ಅಮೆರಿಕ ಎರಡು ಕಡೆಯೂ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಅದು ರೆಗೇಗಿಂತ ಹಿಂದಿನ, ಚುರುಕು ನಡೆಯ ‘ಸ್ಕಾ’ ಶೈಲಿಯದು. ಮುಂದೆ ನಡೆ ನಿಧಾನವಾಗಿ, 1966ರ ವೇಳೆಗೆ ‘ರಾಕ್‌ಸ್ಟೆಡಿ’ ಎನಿಸಿಕೊಂಡಿತು. 1968ರ ಸುಮಾರಿಗೆ ರೆಗೇ ಆಯಿತು.

ರಾಕ್‌ಸ್ಟೆಡಿ ಕಾಲದ ಹೆಣ್ಣುದನಿಗಳಲ್ಲಿ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹಿಡಿಸುವುದು ಲಿನ್‌ಸ್ಟೆಡ್ ಊರಿನ ಫಿಲ್ಲಿಸ್ ಡಿಲ್ಲನ್ ಅವರದು. ಡ್ಯೂಕ್ ರೀಡನ ಮಹಡಿಯಲ್ಲಿ ಹಾಡಿದ ‘ಡೋಂಟ್ ಸ್ಟೇ ಅವೇ’ ಕೇಳಿ. ಗಮಕದ ಆಡಂಬರವಿಲ್ಲ, ಕೂಗಾಟವಿಲ್ಲ. ನೆರೆಮನೆಯ ಹೆಣ್ಣುಮಗಳೊಬ್ಬಳು ಹಿತ್ತಿಲಲ್ಲಿ ತನಗೆ ತಾನೇ ಹಾಡಿಕೊಂಡಂತಿದೆ. 1967ರ ಕೊನೆಯಲ್ಲಿ ಡಿಲ್ಲನ್ ನ್ಯೂಯಾರ್ಕಿಗೆ ಹೋಗಿ ಬ್ಯಾಂಕಿನ ಕೆಲಸಕ್ಕೆ ಸೇರಿದರು. ಮುಂದಿನ ಕೆಲವು ವರ್ಷ ವಿಮಾನದಲ್ಲಿ ಬಂದು ಹಾಡಿ, ಮತ್ತೆ ಕೆಲಸಕ್ಕೆ ಹಿಂತಿರುಗುತ್ತಿದ್ದರು. ಇಷ್ಟು ಒಳ್ಳೆಯ ಕಂಠಕ್ಕೆ ಹಾಡು ಅನ್ನ ಹಾಕಲಿಲ್ಲ.

ಯಜಮಾನಿಕೆಯ ಬಾಗಿಲನ್ನು ತಟ್ಟಿದವರು ಸೋನಿಯಾ ಪಾಟಿಂಜರ್. 1965ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ತಟ್ಟೆಗಳ ಅಂಗಡಿ ತೆರೆದು, ತಾವೇ ಹಾಡುಗಳನ್ನು ಮುದ್ರಿಸಿ ‘ಗೇ ಫೀಟ್’, ‘ಹೈ ನೋಟ್’ ಎಂಬ ಹೆಸರುಗಳಲ್ಲಿ ಮಾರಿದರು. ಡ್ಯೂಕ್ ರೀಡ್ ತೀರಿಕೊಂಡ ಮೇಲೆ ಅವನ ಧ್ವನಿಮುದ್ರಿಕೆಗಳ ಭಂಡಾರವೂ ಇವರ ಕೈಗೇ ಬಂದಿತು. ಮಾರ್ಸಿಯಾ ಗ್ರಿಫಿತ್ಸ್ ಅವರ ‘ನ್ಯಾಚುರಲಿ’ (1978) ಇವರ ತಯಾರಿಕೆ. ಗ್ರಿಫಿತ್ಸ್ ಅದಕ್ಕೆ ಹತ್ತು ವರ್ಷ ಹಿಂದೆಯೇ ‘ಫೀಲ್ ಲೈಕ್ ಜಂಪಿಂಗ್’ ಹಾಡಿ ಹೆಸರಾಗಿದ್ದವರು. 1974ರಲ್ಲಿ ರೀಟಾ ಮಾರ್ಲಿ, ಜೂಡಿ ಮೊವಾಟ್ ಇವರೊಡನೆ ಸೇರಿ ‘ಐ ತ್ರೀಸ್’ ಎಂಬ ತಂಡವಾಗಿ ಬಾಬ್ ಮಾರ್ಲಿಯ ಹಿಂದೆ ನಿಂತು ಹಾಡಿದರು. ಹಿಮ್ಮೇಳವೆಂದು ಕರೆದರೂ ಆ ಮೂರು ಕಂಠಗಳನ್ನು ತೆಗೆದುಹಾಕಿದರೆ ಮಾರ್ಲಿಯ ಎಷ್ಟೋ ಹಾಡುಗಳು ಬೋಳಾಗುತ್ತವೆ. ಮೊವಾಟ್ 1979ರಲ್ಲಿ ‘ಬ್ಲ್ಯಾಕ್ ವುಮನ್’ ಎಂಬ ಮಾಲಿಕೆಯನ್ನು ತಮ್ಮದೇ ನಿರ್ಮಾಣದಲ್ಲಿ ಹೊರತಂದರು. ಗುಲಾಮಗಿರಿಯ ನೆನಪನ್ನೂ ಸಂಸಾರದ ಭಾರವನ್ನೂ ಹೊತ್ತ ಹೆಣ್ಣಿನ ಕಥೆ ಅದು. ಮನೆಯವರೆಲ್ಲ ಕೂತು ಕೇಳಬಹುದಾದದ್ದು.

ಹಣದ ಕಥೆ ಇನ್ನೊಂದಿದೆ. ಸಿಸ್ಟರ್ ನ್ಯಾನ್ಸಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಕಲಾವಿದೆ 1982ರಲ್ಲಿ ‘ಬ್ಯಾಮ್ ಬ್ಯಾಮ್’ ಎಂಬ ಹಾಡನ್ನು ಮುದ್ರಿಸಿದರು. ಗಂಡಸರೇ ತುಂಬಿದ್ದ ಮಾತುಗಾರಿಕೆಯ ಅಖಾಡದಲ್ಲಿ ನಿಂತು, ಹೆಣ್ಣಾದರೇನು ಎಂದು ಕೇಳುವ ಧಾಟಿ ಅದರದು. ಮುಂದೆ ಅವರು ಅಮೆರಿಕಕ್ಕೆ ಹೋಗಿ ಬ್ಯಾಂಕಿನಲ್ಲಿ ಲೆಕ್ಕಪತ್ರದ ಕೆಲಸ ಹಿಡಿದರು. (ಅವರೂ ಬ್ಯಾಂಕಿಗೇ!) ಅವರ ದನಿಯನ್ನು ಬೇರೆಯವರು ಚಲನಚಿತ್ರದಲ್ಲಿ, ಹೊಸ ಹಾಡುಗಳಲ್ಲಿ ಬಳಸುತ್ತಿದ್ದರು, ಸಂಭಾವನೆ ಮಾತ್ರ ಬರಲಿಲ್ಲ. 2014ರಲ್ಲಿ ಟೆಲಿವಿಷನ್ ಜಾಹೀರಾತೊಂದರಲ್ಲಿ ಹಾಡು ಕೇಳಿಬಂದಾಗ ವಕೀಲರನ್ನು ಹಿಡಿದರು. ಮೂವತ್ತು ವರ್ಷ ಕಳೆದ ಮೇಲೆ ಅರ್ಧದಷ್ಟು ಹಕ್ಕು ಕೈಗೆ ಬಂದಿತು.

ಇನ್ನು ಜಪಾನು. 1979ರ ಏಪ್ರಿಲಿನಲ್ಲಿ ಬಾಬ್ ಮಾರ್ಲಿ ಅಲ್ಲಿ ಕಚೇರಿಗಳನ್ನು ನಡೆಸಿದ. ಆಗ ಕುನಿತಾಚಿ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದ ಓಕುಡಾ ಹಿರೋಕೊ ಎಂಬ ತರುಣಿ ರೆಗೇಯನ್ನೇ ವಿಷಯವಾಗಿಟ್ಟುಕೊಂಡು ಪ್ರಬಂಧ ಬರೆದರು. 1980ರಲ್ಲಿ ಕ್ಯಾಸಿಯೋ ಕಂಪೆನಿ ಸೇರಿದಾಗ, ಪುಟ್ಟ ವಿದ್ಯುತ್ ವಾದ್ಯವೊಂದಕ್ಕೆ ಸಿದ್ಧ ತಾಳಗಳನ್ನು ಕೂಡಿಸುವ ಕೆಲಸ ಅವರ ಪಾಲಿಗೆ ಬಂದಿತು. ಆ ವಾದ್ಯ 1981ರಲ್ಲಿ ಪೇಟೆಗೆ ಬಂದಿತು. ಗುಂಡಿ ಒತ್ತಿದರೆ ತಾಳವೂ ಬಾಸೂ ತಾವಾಗಿಯೇ ನುಡಿಯುವುವು. ಅಂಥ ಒಂದು ಪೆಟ್ಟಿಗೆ ಕಿಂಗ್‌ಸ್ಟನ್ ಸೇರಿತು. ಅಲ್ಲಿನ ಹುಡುಗರು ಅದರ ‘ರಾಕ್’ ಎಂಬ ತಾಳವನ್ನು ನಿಧಾನಗೊಳಿಸಿ ನೋಡಿದರು. ಅದು ಅಪ್ಪಟ ರೆಗೇ ಆಗಿ ನುಡಿಯಿತು! 1985ರಲ್ಲಿ ವೇಯ್ನ್ ಸ್ಮಿತ್ ಅದರ ಮೇಲೆ ಹಾಡಿದ ‘ಸ್ಲೆಂಗ್ ಟೆಂಗ್’ ಜಮೈಕದ ಸಂಗೀತದ ದಿಕ್ಕನ್ನೇ ಬದಲಿಸಿತು. ಅದೇ ತಾಳದ ಮೇಲೆ ನೂರಾರು ಹಾಡುಗಳು ಹುಟ್ಟಿದವು. ಓಕುಡಾ ಅವರಿಗೆ ಇದು ತಿಳಿದದ್ದು ಮರುವರ್ಷ, ಸಂಗೀತ ಪತ್ರಿಕೆಯೊಂದನ್ನು ಓದಿದಾಗ! ರೆಗೇ ಕಲಿತ ಹುಡುಗಿಯ ಕೈಯಿಂದ ರೆಗೇ ತನ್ನ ತವರಿಗೇ ಮರಳಿತ್ತು. ತವರಿನಲ್ಲಿ ಆಕೆಯ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ಪೀಳಿಗೆಯ ಹೆಸರುಗಳು ಮಾತ್ರ ಮುಖಪುಟದಲ್ಲಿಯೇ ಬಂದವು. ಒಸಾಕಾ ನಗರದ ಪುಷಿಮ್ 1999ರಲ್ಲಿ ‘ಬ್ರ್ಯಾಂಡ್ ನ್ಯೂ ಡೇ’ ಹಾಡಿನೊಡನೆ ಕಾಣಿಸಿಕೊಂಡರು. ಇವರ ಮನೆತನ ಜಪಾನಿಗೆ ಬಂದು ನೆಲೆಸಿದ ಕೊರಿಯದವರದು. ತುಂಬುಕಂಠ, ಮಂದ್ರದಲ್ಲಿ ನಿಂತಾಗ ಹೆಚ್ಚು ಚೆನ್ನ. ಒಸಾಕಾದವರೇ ಆದ ಮಿನ್ಮಿ ಅವರ ಮೊದಲ ತಟ್ಟೆ ‘ದಿ ಪರ್ಫೆಕ್ಟ್ ವಿಷನ್’ (2002) ಲಕ್ಷಗಟ್ಟಲೆ ಮಾರಾಟವಾಯಿತು. ಇಬ್ಬರಲ್ಲಿ ಮೊದಲು ಕೇಳಬೇಕಾದವರು ಪುಷಿಮ್ ಎಂದು ನನ್ನ ಅಭಿಪ್ರಾಯ. ಮಿನ್ಮಿ ಅವರ ಹಾಡಿಗೆ ಮನೆಯ ಮಕ್ಕಳು ಎದ್ದು ಕುಣಿಯುವುದು ಖಂಡಿತ, ಅದನ್ನು ಊಟವಾದ ಮೇಲೆ ಹಾಕುವುದು ಒಳ್ಳೆಯದು.