ಏಳನೆಯವರು, ಎಂಟನೆಯವರು

2008ರ ಬೇಸಿಗೆಯಲ್ಲಿ ಮಾಧಾಪುರದ ನಮ್ಮ ಆಫೀಸಿನ ಎದುರಿಗಿದ್ದ ಇರಾನಿ ಚಹಾದಂಗಡಿಯಲ್ಲಿ ದಿನಾ ಸಂಜೆ ಎರಡು ಸೋತ ತಂಡಗಳ ಪಂಚಾಯ್ತಿ ಸೇರುತ್ತಿತ್ತು. ಒಂದು, ಈ ಊರಿನ ಡೆಕ್ಕನ್ ಚಾರ್ಜರ್ಸ್. ಇನ್ನೊಂದು, ನಮ್ಮಂಥವರು ಊರಿಂದ ಉಪ್ಪಿನಕಾಯಿ ಡಬ್ಬಿಯ ಜೊತೆ ಹೊತ್ತು ತಂದಿದ್ದ ಬೆಂಗಳೂರಿನ ರಾಯಲ್ ಚಾಲೆಂಜರ್ಸ್. ಐಪಿಎಲ್ ಶುರುವಾದ ವರ್ಷ ಅದು. ಎಂಟು ತಂಡಗಳಲ್ಲಿ ನಮ್ಮದು ಏಳನೆಯದು, ಅವರದು ಎಂಟನೆಯದು. ನಾವು ಹದಿನಾಲ್ಕರಲ್ಲಿ ನಾಲ್ಕು ಗೆದ್ದೆವು. ಆ ನಾಲ್ಕರಲ್ಲಿ ಎರಡು ಡೆಕ್ಕನ್ ಮೇಲೆಯೇ. ಅವರು ಗೆದ್ದದ್ದೇ ಎರಡು, ಅದೂ ಮುಂಬೈ ಮತ್ತು ಚೆನ್ನೈಗೆ ಹೋಗಿ. ಉಪ್ಪಲ್ ಮೈದಾನದಲ್ಲಿ ಆಡಿದ ಏಳಕ್ಕೆ ಏಳೂ ಸೋಲು.

ತಮಾಷೆಯೆಂದರೆ ಪಟ್ಟಿ ನೋಡಿದರೆ ಡೆಕ್ಕನ್ ಸೋಲುವ ತಂಡವೇ ಅಲ್ಲ. ಫೆಬ್ರವರಿ 20ರ ಹರಾಜಿನಲ್ಲಿ ಸೈಮಂಡ್ಸ್‌ಗೆ 13.5 ಲಕ್ಷ ಡಾಲರ್, ಗಿಲ್‌ಕ್ರಿಸ್ಟ್‌ಗೆ 7, ಅಫ್ರಿದಿಗೆ 6.75, ಗಿಬ್ಸ್‌ಗೆ 5.75. ನಾಲ್ವರಿಗೇ 33 ಲಕ್ಷ. ಹನ್ನೊಂದರಲ್ಲಿ ಆಡಿಸಬಹುದಾದ ವಿದೇಶಿಯರೂ ನಾಲ್ವರೇ. ಸ್ಟೈರಿಸ್, ವಾಸ್ ಬಂದರೆ ಇವರಲ್ಲೊಬ್ಬರು ಬೆಂಚಿಗೆ. ಪ್ರಾಜೆಕ್ಟ್ ನಡೆಸುವವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಆದರೆ ನನಗೆ ಇಂದಿಗೂ ದೊಡ್ಡದೆನಿಸುವುದು ಲಕ್ಷ್ಮಣ್ ಅವರ ಲೆಕ್ಕ. ಐಕಾನ್ ಆಟಗಾರನಿಗೆ ತಂಡದ ಅತಿ ದುಬಾರಿ ಆಟಗಾರನಿಗಿಂತ ಶೇ. 15 ಹೆಚ್ಚು ಕೊಡಬೇಕೆಂಬ ನಿಯಮವಿತ್ತು. ತಂಡದ ಕೈಯಲ್ಲಿ ದುಡ್ಡುಳಿಯಲೆಂದು ಅವರು ಆ ಪಟ್ಟವನ್ನೇ ಬಿಟ್ಟರು. ಇಟ್ಟುಕೊಂಡಿದ್ದರೆ ಸುಮಾರು 15.5 ಲಕ್ಷ ಡಾಲರ್, ಸಿಕ್ಕಿದ್ದು 3.75 ಲಕ್ಷ. ಅಂಥ ಮನುಷ್ಯನನ್ನೇ ‘ಈ ಆಟಕ್ಕೆ ಲಕ್ಷ್ಮಣ್ ಯಾಕೆ’ ಎಂದು ನಮ್ಮ ಮೇಜು ಮೊದಲ ವಾರದಲ್ಲೇ ತೀರ್ಪು ಕೊಟ್ಟುಬಿಟ್ಟಿತ್ತು.

ಏಪ್ರಿಲ್ 24ರ ಪಂದ್ಯ ಒಂದು ವಾರ ಚರ್ಚೆಗಾಯಿತು. ಸೈಮಂಡ್ಸ್ 117 ಹೊಡೆದು ಔಟಾಗದೆ ಉಳಿದ, ತಂಡ 214 ಮಾಡಿತು. ಕೊನೆಯ ಓವರಿನಲ್ಲಿ ರಾಜಸ್ಥಾನಕ್ಕೆ 17 ಬೇಕು. ಚೆಂಡು ಕೊಟ್ಟಿದ್ದು ಅದೇ ಸೈಮಂಡ್ಸ್ ಕೈಗೆ. ಶೇನ್ ವಾರ್ನ್ ಒಂದು ಫೋರ್, ಎರಡು ಸಿಕ್ಸರ್ ಎತ್ತಿ ಒಂದು ಬಾಲ್ ಉಳಿದಿರುವಾಗಲೇ ಮುಗಿಸಿದರು.

ನಮ್ಮದೇನು ಕಮ್ಮಿಯಿರಲಿಲ್ಲ. ದ್ರಾವಿಡ್, ಕಾಲಿಸ್, ಜಾಫರ್, ಚಂದ್ರಪಾಲ್ ಎಂದು ಪಟ್ಟಿ ಓದಿದರೆ ಐದು ದಿನದ ಟೆಸ್ಟ್‌ಗೆ ಹೊರಟವರಂತೆ ಕಾಣುತ್ತಿತ್ತು. ಮೊದಲ ಪಂದ್ಯದಲ್ಲಿ ಮೆಕಲಮ್ ಒಬ್ಬನೇ 158 ಹೊಡೆದ. ನಾವೆಲ್ಲ ಸೇರಿ 82. ಮೇ ತಿಂಗಳಲ್ಲಿ ಸಿಇಒ ಚಾರು ಶರ್ಮಾ ಹುದ್ದೆ ಹೋಯಿತು, ಮಲ್ಯ ಆಟಗಾರರ ಆಯ್ಕೆಯ ಬಗ್ಗೆ ಬಹಿರಂಗವಾಗಿ ಸಿಟ್ಟಾದರು. ಹತ್ತೊಂಬತ್ತರೊಳಗಿನ ಹುಡುಗರ ಡ್ರಾಫ್ಟ್‌ನಲ್ಲಿ ದೆಹಲಿ ತನ್ನೂರಿನ ಕೊಹ್ಲಿಯನ್ನು ಬಿಟ್ಟು ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿತ್ತು, ಕೊಹ್ಲಿ ನಮಗೆ ಸಿಕ್ಕಿದ್ದ. ಆ ವರ್ಷ ಅವನು ಹೊಡೆದದ್ದು ಒಟ್ಟು 165 ರನ್. ‘ದೆಹಲಿಯವರೇ ಬೇಡ ಅಂದವನನ್ನ ನಾವ್ಯಾಕೆ ಸಾಕಬೇಕು’ ಎಂದು ಮೇಜು ಕುಟ್ಟಿ ಹೇಳಿದವನು ನಾನೇ. ಇದನ್ನು ನೆನಪಿಸುವ ಸಾಕ್ಷಿ ಒಬ್ಬನಿದ್ದಾನೆ.

ಅವನು ಬೀದರಿನವನು. ಆ ಮೇಜಿನಲ್ಲಿ ಕನ್ನಡ ಮಾತಾಡುತ್ತ ಡೆಕ್ಕನ್ ಪರ ಕೂತವನು ಅವನೊಬ್ಬನೇ. ತುಮಕೂರಿನ ನನಗೆ ಇದು ದ್ರೋಹದಂತೆ ಕಾಣುತ್ತಿತ್ತು. ಒಂದು ದಿನ ಕೆಣಕಿದೆ. ಚಹಾ ಕೆಳಗಿಟ್ಟು ಹೇಳಿದ: “ನಮ್ಮಜ್ಜ ಸಂತಿಗಿ ಹೈದ್ರಾಬಾದಿಗಿ ಬರ್ತಿದ್ದ. ನಮ್ಮಪ್ಪ ಇವತ್ತಿಗೂ ದವಾಖಾನಿಗಿ ಇಲ್ಲಿಗೇ ಬರ್ತಾನ. ಬೆಂಗ್ಳೂರು ನಾ ನೋಡಿದ್ದೇ ಇಂಟರ್‌ವ್ಯೂಕ್ಕ ಹೋದಾಗ. ನಿಮ್ ಟೀಮಿಗಿ ನಾ ಯಾಕ ಚಪ್ಪಾಳಿ ಹೊಡಿಬೇಕು?”

ಉತ್ತರ ಹೊಳೆಯಲಿಲ್ಲ. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗಾ, ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆಗಳು ಎಂದು ಶಾಲೆಯಲ್ಲಿ ಓದಿ ಅಂಕ ತೆಗೆದವನು ನಾನು. ನಕಾಶೆ ಬದಲಾದ ಮೇಲೂ ಬಸ್ಸು ಹಳೆಯ ದಾರಿಯಲ್ಲೇ ಓಡುತ್ತಿರುತ್ತದೆ ಎಂದು ಆ ಪುಸ್ತಕದಲ್ಲಿರಲಿಲ್ಲ. ನಾನು ಈ ಊರಿಗೆ ವಲಸೆ ಬಂದವನು. ಅವನು ತನ್ನ ಪೇಟೆಗೆ ಬಂದವನು.

2009ರಲ್ಲಿ ಚುನಾವಣೆಯ ಕಾರಣಕ್ಕೆ ಟೂರ್ನಿ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ನಾವು ಪೀಟರ್‌ಸನ್‌ಗೆ 15.5 ಲಕ್ಷ ಡಾಲರ್ ಸುರಿದೆವು (ಲಕ್ಷ್ಮಣ್ ಬಿಟ್ಟುಕೊಟ್ಟ ಮೊತ್ತ!). ಆತ ಆರು ಪಂದ್ಯಕ್ಕೆ ನಾಯಕನಾಗಿ ಇಂಗ್ಲೆಂಡಿಗೆ ಹೊರಟ. ಚುಕ್ಕಾಣಿ ಕುಂಬ್ಳೆಗೆ ಬಂತು. ಜಹೀರ್‌ನನ್ನು ಮುಂಬೈಗೆ ಕೊಟ್ಟು ಉತ್ತಪ್ಪನನ್ನು ತಂದರು. ಡೆಕ್ಕನ್‌ಗೆ ಗಿಲ್‌ಕ್ರಿಸ್ಟ್ ನಾಯಕ, ಲೀಮನ್ ಹೊಸ ಕೋಚ್. ಆದರೆ ಗಿಬ್ಸ್, ರೋಹಿತ್, ಆರ್.ಪಿ. ಸಿಂಗ್, ಓಝಾ, ಸೈಮಂಡ್ಸ್ ಎಲ್ಲ ಹಿಂದಿನ ವರ್ಷ ಕೊನೆಗೆ ಬಿದ್ದವರೇ. ನಾವು ಚಹಾ ಕುಡಿದು ಹರಿದೆಸೆದ ಪಟ್ಟಿಯೇ ಫೈನಲ್‌ಗೆ ಹೋಯಿತು. ಎದುರಿಗೆ ನಾವು. ಹಿಂದಿನ ವರ್ಷದ ಏಳನೆಯವರಿಗೂ ಎಂಟನೆಯವರಿಗೂ ಫೈನಲ್!

ಮೂರು ದಿನ ಮುಂಚೆ ಮನೀಶ್ ಪಾಂಡೆ ಇದೇ ಡೆಕ್ಕನ್ ವಿರುದ್ಧ ಔಟಾಗದೆ 114 ಹೊಡೆದು ಐಪಿಎಲ್‌ನಲ್ಲಿ ಶತಕ ಬಾರಿಸಿದ ಮೊದಲ ಭಾರತೀಯನಾಗಿದ್ದ. ಹಾಗಾಗಿ ಮೇ 24ರ ರಾತ್ರಿ ಟಿವಿ ಎದುರು ನನ್ನ ಗತ್ತೇ ಬೇರೆಯಿತ್ತು. ಮೊದಲ ಓವರಿನಲ್ಲೇ ಕುಂಬ್ಳೆ ಗಿಲ್‌ಕ್ರಿಸ್ಟ್‌ನನ್ನು ಸೊನ್ನೆಗೆ ಕಳಿಸಿದರು, ಒಟ್ಟು 16 ರನ್ ಕೊಟ್ಟು ನಾಲ್ಕು ವಿಕೆಟ್. ಗಿಬ್ಸ್ ಒಂದು ಕಡೆ ಕಚ್ಚಿಕೊಂಡು 53 ಮಾಡಿದ, ಡೆಕ್ಕನ್ 143. ನಮಗೆ ಕೊನೆಯ ಓವರಿನಲ್ಲಿ 15 ಬೇಕಿತ್ತು. ಕ್ರೀಸಿನಲ್ಲಿ ಉತ್ತಪ್ಪ, ಬಾಲ್ ಆರ್.ಪಿ. ಸಿಂಗ್ ಕೈಯಲ್ಲಿ. ಬಂದದ್ದು ಎಂಟು. ಆರು ರನ್ನಿನಿಂದ ಸೋತೆವು. ಸೋತ ತಂಡದ ಕುಂಬ್ಳೆಗೇ ಪಂದ್ಯಶ್ರೇಷ್ಠ ಪ್ರಶಸ್ತಿ ಬಂತು.

ಮರುದಿನ ಬೀದರಿನವನು ಒಸ್ಮಾನಿಯಾ ಬಿಸ್ಕತ್ತಿನ ಡಬ್ಬಿ ತಂದು ನನ್ನ ಮೇಜಿನ ಮೇಲಿಟ್ಟ, ಮಾತಾಡಲಿಲ್ಲ. ಮೂರು ವರ್ಷದಲ್ಲಿ ಅವನ ತಂಡವೇ ಇಲ್ಲವಾಯಿತು: 2012ರ ಸೆಪ್ಟೆಂಬರ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಒಪ್ಪಂದವನ್ನು ಮಂಡಳಿ ರದ್ದು ಮಾಡಿತು. ಸನ್‌ರೈಸರ್ಸ್ ಬಂತು. 2016ರ ಫೈನಲ್‌ನಲ್ಲಿ ಚಿನ್ನಸ್ವಾಮಿಯಲ್ಲೇ ಅದು ನಮ್ಮನ್ನು ಎಂಟು ರನ್ನಿನಿಂದ ಸೋಲಿಸಿದಾಗ ‘ಈಗ ಖುಷಿಯೇನಪ್ಪಾ’ ಅಂದೆ. “ಅದು ನಂದಲ್ಲ” ಅಂದ.

2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ನಾವು ಕೊನೆಗೂ ಗೆದ್ದೆವು, ಪಂಜಾಬ್ ಮೇಲೆ, ಆರು ರನ್ನಿನಿಂದ. ಹನ್ನೆರಡು ಗಂಟೆಗೆ ಅವನಿಂದ ಮೆಸೇಜು: ‘6’. ಅಷ್ಟೇ. ಬೆಳಿಗ್ಗೆ ಎದ್ದು ಚೆಂದಾಗಿ ಏನಾದರೂ ಬರೆಯೋಣ ಎಂದುಕೊಂಡು ಮಲಗಿದೆ. ಮರುದಿನ ಚಿನ್ನಸ್ವಾಮಿಯ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಮೆಸೇಜಿಗೆ ನಾನಿನ್ನೂ ಉತ್ತರ ಬರೆದಿಲ್ಲ.