ಹೆಜ್ಜೆ ಎಣಿಸಿದರೆ ಹುಲಿ ಸಿಕ್ಕುತ್ತಾ?

"ದೇಶದಲ್ಲಿ ಇಷ್ಟು ಹುಲಿಗಳಿವೆ" ಅಂತ ಪೇಪರಿನಲ್ಲಿ ಬಂದಾಗಲೆಲ್ಲ ನನ್ನದು ಒಂದೇ ಪ್ರಶ್ನೆ: ಎಣಿಸಿದ್ದು ಹೇಗೆ? ಹುಡುಕುತ್ತಾ ಹೋದರೆ ಅದೇ ಒಂದು ಚರಿತ್ರೆ.

1960ರ ದಶಕದಲ್ಲಿ ಆಗಿನ ಒರಿಸ್ಸಾದ ಅರಣ್ಯಾಧಿಕಾರಿ ಸರೋಜ್ ರಾಜ್ ಚೌಧುರಿ ಒಂದು ಉಪಾಯ ಹೂಡಿದರು. ಹುಲಿ ಕಾಣಿಸದಿದ್ದರೇನು, ಹೆಜ್ಜೆ ಕಾಣಿಸುತ್ತಲ್ಲ! ಹೆಜ್ಜೆಯ ಮೇಲೆ ಗಾಜಿಟ್ಟು ಗುರುತು ಎಳೆದುಕೊಳ್ಳೋದು, ಪ್ಲಾಸ್ಟರ್ ಅಚ್ಚು ತೆಗೆಯೋದು, ಆಮೇಲೆ ಕೂತು ಯಾವುದು ಯಾವ ಹುಲಿಯದ್ದು ಅಂತ ಬೇರ್ಪಡಿಸೋದು. 1972ರ ಗಣತಿಯಲ್ಲಿ ಸಿಕ್ಕ ಸಂಖ್ಯೆ 1827. ಮರುವರ್ಷವೇ ಪ್ರಾಜೆಕ್ಟ್ ಟೈಗರ್ ಶುರುವಾಯ್ತು. ಆ ಕಾಲಕ್ಕೆ ಅದು ದೊಡ್ಡ ಕೆಲಸವೇ, ಅಲ್ಲಗಳೆಯುವಂತಿಲ್ಲ.

ಆದರೆ ಕೆಸರಲ್ಲೊಂದು ಥರ, ಧೂಳಲ್ಲೊಂದು ಥರ ಮೂಡುವ ಹೆಜ್ಜೆಯನ್ನು ನಂಬೋದು ಹೇಗೆ? ಕಲ್ಲುನೆಲದಲ್ಲಿ ಹೆಜ್ಜೆಯೇ ಮೂಡದಿದ್ದರೆ? ಇದನ್ನು ಗಟ್ಟಿಯಾಗಿ ಕೇಳಿದವರು ನಮ್ಮವರೇ, ಉಲ್ಲಾಸ ಕಾರಂತ. (ಶಿವರಾಮ ಕಾರಂತರ ಮಗ. ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್! ನಮ್ಮ ಜಾತಿಯವರು ಅಂತ ನನಗೆ ಸ್ವಲ್ಪ ಹೆಮ್ಮೆ.) ಬೋನಿನಲ್ಲಿದ್ದ ನಾಲ್ಕೇ ಹುಲಿಗಳ ಹೆಜ್ಜೆಗಳನ್ನು ಬರೆದುಕೊಂಡು ಅನುಭವಸ್ಥ ಅಧಿಕಾರಿಗಳ ಮುಂದಿಟ್ಟರು. ಒಬ್ಬರೂ ಸರಿಯಾದ ಲೆಕ್ಕ ಹೇಳಲಿಲ್ಲ.

ಆಮೇಲೆ 1990ರ ದಶಕದಲ್ಲಿ ನಾಗರಹೊಳೆಯ ಕಾಡುದಾರಿಗಳಲ್ಲಿ ಕ್ಯಾಮೆರಾ ಕಟ್ಟಿದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರಲ್ಲ, ನಮ್ಮ ಹೆಬ್ಬೆಟ್ಟಿನ ಹಾಗೆ. ಅಮೆರಿಕದ ಜೇಮ್ಸ್ ನಿಕೋಲ್ಸ್ ಜೊತೆ ಸೇರಿ ಅದಕ್ಕೆ ಸಂಖ್ಯಾಶಾಸ್ತ್ರ ಹೊಂದಿಸಿದರು.

ಸಾಫ್ಟ್‌ವೇರಿನವರಿಗೆ ಅರ್ಥವಾಗೋ ಹಾಗೆ ಹೇಳ್ತೀನಿ. ಒಬ್ಬ ಟೆಸ್ಟರ್ 20 ಬಗ್ ಹಿಡಿದ. ಇನ್ನೊಬ್ಬ ಬೇರೆಯಾಗಿ ಕೂತು 20 ಹಿಡಿದ. ಎರಡರಲ್ಲೂ ಇರುವವು 10. ಅಂದರೆ ಎರಡನೆಯವ ಹಿಡಿದದ್ದರಲ್ಲಿ ಅರ್ಧ ಮಾತ್ರ ಮೊದಲನೆಯವನಿಗೆ ಸಿಕ್ಕಿತ್ತು. ಹಾಗಾದರೆ ಒಟ್ಟು ಸುಮಾರು 40. ಸಿಕ್ಕಿದ್ದು 30, ಕಣ್ಣು ತಪ್ಪಿಸಿಕೊಂಡದ್ದು 10! ಹೆಜ್ಜೆ ಲೆಕ್ಕದಲ್ಲಿ ಇರದಿದ್ದದ್ದು ಇದೇ, ತಪ್ಪಿಹೋದದ್ದರ ಅಂದಾಜು.

ಇದೆಲ್ಲ ಪಂಡಿತರ ಜಗಳ ಅನ್ನೋ ಹಾಗಿಲ್ಲ. ರಾಜಸ್ಥಾನದ ಸಾರಿಸ್ಕಾದಲ್ಲಿ 2004ರ ಸರ್ಕಾರಿ ಲೆಕ್ಕದ ಪ್ರಕಾರ ಹದಿನೈದಕ್ಕೂ ಹೆಚ್ಚು ಹುಲಿಗಳು. 2005ರಲ್ಲಿ ಹುಡುಕಿದರೆ ಒಂದೂ ಇಲ್ಲ. ಕಳ್ಳಬೇಟೆಗಾರರು ಮುಗಿಸಿದ್ದರು, ಪುಸ್ತಕದಲ್ಲಿ ಮಾತ್ರ ಹುಲಿಗಳು ಬದುಕಿದ್ದವು.

ಆಮೇಲೆ ಹೆಜ್ಜೆ ಗಣತಿ ಕೈಬಿಟ್ಟು ಹೊಸ ವಿಧಾನ ತಂದರು. 2008ರಲ್ಲಿ ಬಂದ ಸಂಖ್ಯೆ 1411. ಹಳೆಯ 3642ರಿಂದ ಅದನ್ನು ಕಳೆದು "ಇಷ್ಟು ಹುಲಿ ಸತ್ತವು" ಅಂದವರೂ ಇದ್ದರು. ಅಳತೆಗೋಲೇ ಬೇರೆಯಾದ ಮೇಲೆ ಕಳೆಯೋದು ಹೇಗೆ ಸ್ವಾಮಿ? 2022ರ ಗಣತಿಯ ಸರಾಸರಿ ಅಂದಾಜು 3682. ಅಲ್ಲೂ ಕ್ಯಾಮೆರಾ ಇಲ್ಲದ ಕಡೆ ಗುರುತು ನೋಡಿ ಅಂದಾಜು ಮಾಡೋ ಲೆಕ್ಕದ ಬಗ್ಗೆ ವಿಜ್ಞಾನಿಗಳಲ್ಲಿ ತಕರಾರಿದೆ.

ನಿಮ್ಮಲ್ಲಿ ಯಾರಾದರೂ ಆ ಕಾಲದ ಹೆಜ್ಜೆ ಗಣತಿಗೆ ಹೋದವರಿದ್ದರೆ ದಯವಿಟ್ಟು ಬರೆಯಿರಿ, ಓದೋ ಆಸೆಯಿದೆ.