ಬಾಸೆಲ್ ಮಿಷನ್ ಸಂಸ್ಥೆ ಮತ್ತು ಅದರ ಬಹುಮುಖ ಕಾರ್ಯಗಳು

ಸ್ಥಾಪನೆ ಮತ್ತು ಆಗಮನ

ಬಾಸೆಲ್ ಮಿಷನ್ ಸಂಸ್ಥೆಯು 1815ರಲ್ಲಿ ಸ್ವಿಟ್ಜರ್ಲೆಂಡ್ ದೇಶದ ಬಾಸೆಲ್ ನಗರದಲ್ಲಿ ಸ್ಥಾಪನೆಗೊಂಡಿತು. 1833ರ ಸನ್ನದು ಕಾಯಿದೆಯು ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದಲ್ಲಿ ನೆಲೆಸಲು ಅವಕಾಶ ನೀಡಿದ ಕಾರಣ, 1834ರ ಅಕ್ಟೋಬರ್ ತಿಂಗಳಲ್ಲಿ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯ ಮಾರ್ಗವಾಗಿ ಮಂಗಳೂರನ್ನು ತಲುಪಿದರು. ಮುಂದೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಕೊಡಗು ಹಾಗೂ ಮಲಬಾರ್ ಪ್ರದೇಶಗಳಿಗೂ ಕಾರ್ಯವು ವಿಸ್ತರಿಸಿತು. ಕ್ರೈಸ್ತ ಧರ್ಮಪ್ರಸಾರವೇ ಸಂಸ್ಥೆಯ ಮೂಲ ಉದ್ದೇಶವಾಗಿದ್ದು, ಉಳಿದ ಕಾರ್ಯಗಳು ಅದರ ಅಗತ್ಯಗಳಿಂದಲೇ ಬೆಳೆದು ಬಂದವು.

ಶಿಕ್ಷಣ ಮತ್ತು ಮುದ್ರಣ

1836ರಲ್ಲಿ ಮಂಗಳೂರಿನಲ್ಲಿ ಕನ್ನಡ ಶಾಲೆಯನ್ನು ಆರಂಭಿಸಲಾಯಿತು. ತರುವಾಯ ಬಾಲಕಿಯರ ಶಾಲೆಗಳು, ವಸತಿಶಾಲೆಗಳು ಹಾಗೂ ಪ್ರೌಢಶಾಲೆಗಳು ಸ್ಥಾಪನೆಗೊಂಡವು. ಪಠ್ಯಪುಸ್ತಕಗಳ ಮತ್ತು ಧಾರ್ಮಿಕ ಗ್ರಂಥಗಳ ಅಗತ್ಯವನ್ನು ಪೂರೈಸಲು 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆಯಲಾಯಿತು.

ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೊಗ್ಲಿಂಗ್ ಅವರು 1843ರ ಜುಲೈ 1ರಂದು ಹೊರತಂದರು. ಇದರ ಸ್ಮರಣಾರ್ಥ ರಾಜ್ಯದಲ್ಲಿ ಜುಲೈ 1ನ್ನು ಪತ್ರಿಕಾ ದಿನವನ್ನಾಗಿ ಆಚರಿಸಲಾಗುತ್ತದೆ. ಓಲೆಗರಿಗಳಲ್ಲಿದ್ದ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮುಂತಾದವುಗಳನ್ನು ಮೊಗ್ಲಿಂಗ್ ಅವರು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಅಚ್ಚಿಗೆ ತಂದರು.

ಭಾಷಾ ಸೇವೆ

1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟೆಲ್ ಅವರು ಹಲವು ದಶಕಗಳ ಪರಿಶ್ರಮದಿಂದ ಸಿದ್ಧಪಡಿಸಿದ, ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಕೇಶಿರಾಜನ ಶಬ್ದಮಣಿದರ್ಪಣ ಮತ್ತು ನಾಗವರ್ಮನ ಛಂದೋಂಬುಧಿಯನ್ನೂ ಅವರು ಸಂಪಾದಿಸಿದರು. ಇದೇ ಸಂಸ್ಥೆಯ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿ, ಗುಂಡರ್ಟ್ ಅವರ ಮಲಯಾಳಂ-ಇಂಗ್ಲಿಷ್ ನಿಘಂಟು 1872ರಲ್ಲಿ ಹೊರಬಂದವು.

ಕೈಗಾರಿಕೆ

ಮತಾಂತರಗೊಂಡವರಲ್ಲಿ ಅನೇಕರು ತಮ್ಮ ಕುಟುಂಬ, ಆಸ್ತಿ ಹಾಗೂ ಕುಲಕಸುಬುಗಳಿಂದ ದೂರವಾಗಬೇಕಾಯಿತು. ದಕ್ಷಿಣ ಕನ್ನಡದ ಬಿಲ್ಲವ ಸಮುದಾಯದಿಂದ ಬಂದವರಿಗೆ ಶೇಂದಿ ಇಳಿಸುವ ವೃತ್ತಿಯನ್ನು ಮುಂದುವರಿಸಲು ಮಿಷನ್ ಅನುಮತಿ ನೀಡುತ್ತಿರಲಿಲ್ಲ. ಇಂತಹ ಕುಟುಂಬಗಳಿಗೆ ಜೀವನೋಪಾಯ ಒದಗಿಸುವುದು ಅನಿವಾರ್ಯವಾಯಿತು. ಕೃಷಿ ಮೊದಲಾದ ಆರಂಭಿಕ ಪ್ರಯತ್ನಗಳು ನಿರೀಕ್ಷಿತ ಫಲ ನೀಡದಿದ್ದಾಗ ನೇಯ್ಗೆ ಮತ್ತು ಹೆಂಚು ತಯಾರಿಕೆಯತ್ತ ಗಮನ ಹರಿಸಲಾಯಿತು.

1851ರಲ್ಲಿ ಬಂದ ಜಾನ್ ಹಾಲರ್ ಅವರು ಮಂಗಳೂರಿನ ನೇಯ್ಗೆ ಕಾರ್ಖಾನೆಯನ್ನು ಅಭಿವೃದ್ಧಿಪಡಿಸಿದರು. ಖಾಕಿ ಬಣ್ಣವು ಇಲ್ಲಿಯೇ ರೂಪುಗೊಂಡಿತೆಂಬ ಪ್ರತೀತಿಯಿದೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರು ನೇತ್ರಾವತಿ ನದಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ನದೀತೀರದ ಜೇಡಿಮಣ್ಣು, ಸುತ್ತಲ ಕಾಡಿನ ಸೌದೆ ಹಾಗೂ ಬಂದರಿನ ಸೌಕರ್ಯಗಳು ಈ ಉದ್ಯಮಕ್ಕೆ ಅನುಕೂಲವಾದವು. ಮಳೆಗೆ ಸೋರದ, ಬೇಗನೆ ಬೆಂಕಿ ತಗುಲದ ಮಂಗಳೂರು ಹೆಂಚು ಹುಲ್ಲಿನ ಮಾಡುಗಳ ಸ್ಥಾನವನ್ನು ಆಕ್ರಮಿಸಿತು. ಸ್ಥಳೀಯ ಉದ್ಯಮಿಗಳೂ ಕಾರ್ಖಾನೆಗಳನ್ನು ತೆರೆದುದರಿಂದ ಸಾವಿರಾರು ಜನರಿಗೆ ಉದ್ಯೋಗ ದೊರೆಯಿತು.

ಮಹಾಯುದ್ಧದ ಪರಿಣಾಮ

1914ರಲ್ಲಿ ಆರಂಭವಾದ ಮಹಾಯುದ್ಧವು ಸಂಸ್ಥೆಗೆ ಭಾರೀ ಪೆಟ್ಟು ನೀಡಿತು. ಮಿಷನರಿಗಳಲ್ಲಿ ಅನೇಕರು ಜರ್ಮನಿಯವರಾಗಿದ್ದ ಕಾರಣ ಬ್ರಿಟಿಷ್ ಸರ್ಕಾರವು ಅವರನ್ನು ಬಂಧನದಲ್ಲಿರಿಸಿ ನಂತರ ಸ್ವದೇಶಕ್ಕೆ ಕಳುಹಿಸಿತು. ಕೈಗಾರಿಕೆಗಳನ್ನು ವಶಪಡಿಸಿಕೊಂಡು, ಅನಂತರ ಕಾಮನ್‌ವೆಲ್ತ್ ಟ್ರಸ್ಟ್‌ಗೆ ವಹಿಸಲಾಯಿತು. ಬದುಕಿನ ನೆಲೆಗಾಗಿ ಕಟ್ಟಿದ ಕಾರ್ಖಾನೆಗಳು ಮಿಷನ್ನಿನ ಕೈಗೆ ಮರಳಲಿಲ್ಲ.

ಪರಂಪರೆ

1947ರಲ್ಲಿ ದಕ್ಷಿಣ ಭಾರತ ಸಭೆಯು ರಚನೆಯಾದಾಗ ದಕ್ಷಿಣ ಕನ್ನಡದ ಬಾಸೆಲ್ ಮಿಷನ್ ಸಭೆಗಳು ಅದರಲ್ಲಿ ವಿಲೀನಗೊಂಡವು. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಹಳೆಯ ಕನ್ನಡ ಮತ್ತು ತುಳು ಮುದ್ರಣಗಳನ್ನು ಸಂರಕ್ಷಿಸಲಾಗಿದೆ. ಮಿಷನ್ನಿನ ವರದಿಗಳು ಹಾಗೂ ಛಾಯಾಚಿತ್ರಗಳು ಬಾಸೆಲ್ ನಗರದ ಮಿಷನ್ 21 ಸಂಸ್ಥೆಯ ಪತ್ರಾಗಾರದಲ್ಲಿವೆ. ಕರಾವಳಿಯ ಹಾಗೂ ಉತ್ತರ ಕರ್ನಾಟಕದ ಹತ್ತೊಂಬತ್ತನೆಯ ಶತಮಾನದ ಸಾಮಾಜಿಕ ಇತಿಹಾಸವನ್ನು ಅರಿಯಬಯಸುವವರಿಗೆ ಇವು ಅಮೂಲ್ಯ ಆಕರಗಳಾಗಿವೆ.